ದೊಡ್ಡ ಕ್ಲಾಡ್ನಿ ತಟ್ಟೆಯಲ್ಲಿ ಗೆರೆಗಳೇ ಮೂಡುತ್ತಿಲ್ಲ, ಏನು ಮಾಡೋಣ?

ಮರಳುಗೆರೆ
14ರಿಂದ 16 ವಯಸ್ಸಿನ ಮಕ್ಕಳು, ಒಬ್ಬ ಭೌತವಿಜ್ಞಾನಿ, ಒಬ್ಬ ಮುದ್ರಣ ಕಲಾವಿದೆ ಸೇರಿ ಕ್ಲಾಡ್ನಿ ಚಿತ್ರಗಳ (ಅಲುಗುವ ತಟ್ಟೆಯ ಮೇಲಿನ ಮರಳು ಅಲುಗದ ಜಾಗಗಳಿಗೆ ಸರಿದು ಮೂಡಿಸುವ ಗೆರೆಗಳ) ಪ್ರದರ್ಶನಕ್ಕೆ ತಯಾರಿ ನಡೆಸಿದ್ದಾರೆ. 24 ಸೆಂ.ಮೀ. ಚೌಕದ, 1 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಟ್ಟೆಯನ್ನು ನಟ್ಟನಡುವೆ ಬೋಲ್ಟ್ ಹಾಕಿ, ಅದನ್ನು ಅಲುಗಿಸುವ ವೈಬ್ರೇಟರ್ ಮೇಲೆ ಕೂರಿಸಿದರೆ ಮರಳು ಚೆನ್ನಾಗಿ ಗೆರೆಗಟ್ಟುತ್ತದೆ. ದೂರಕ್ಕೂ ಕಾಣಲಿ ಎಂದು ಅದೇ ದಪ್ಪದ ಹಾಳೆಯಲ್ಲಿ 48 ಸೆಂ.ಮೀ. ತಟ್ಟೆ ಕತ್ತರಿಸಿದರು. ಈಗ ನಡುವೆ ಮಾತ್ರ ಮರಳು ಕುಣಿಯುತ್ತದೆ, ಅಂಚಿನದು ಕದಲುವುದಿಲ್ಲ. ಆಂಪ್ಲಿಫೈಯರ್ ಏರಿಸಿದರೆ ವೈಬ್ರೇಟರ್ ಬಿಸಿಯಾಗುತ್ತದೆ. ಇನ್ನೊಂದು: ಚಿತ್ರವನ್ನು ಕಾಗದಕ್ಕೆ ಇಳಿಸುವುದು ಹೇಗೆ?

ನಾದತಟ್ಟೆ
ಮೊದಲು ಆಂಪ್ಲಿಫೈಯರ್ ಇಳಿಸಿ, ವೈಬ್ರೇಟರ್ ಒಳಗಿನ ತಂತಿಸುರುಳಿ (ಕಾಯಿಲ್) ಸುಟ್ಟೀತು.

ದಪ್ಪ ಅಷ್ಟೇ ಇದ್ದು ಬದಿ ಎರಡು ಪಟ್ಟಾದರೆ ಅದೇ ಚಿತ್ರದ ಆವೃತ್ತಿ (ಸೆಕೆಂಡಿಗೆ ಎಷ್ಟು ಸಲ ಅಲುಗಾಟ, ಹರ್ಟ್ಜ್‌ನಲ್ಲಿ) ಕಾಲು ಭಾಗಕ್ಕೆ ಇಳಿಯುತ್ತದೆ. ಸಣ್ಣ ತಟ್ಟೆಯಲ್ಲಿ 800 ಹರ್ಟ್ಜ್‌ಗೆ ಬಂದದ್ದನ್ನು ದೊಡ್ಡದರಲ್ಲಿ 200ರ ಆಸುಪಾಸಿನಲ್ಲಿ ಹುಡುಕಬೇಕು. ತೊಡಕು ಇರುವುದೂ ಅಲ್ಲೇ. ಮರಳಿನ ಕಣ ತಟ್ಟೆ ಬಿಟ್ಟು ಏಳಬೇಕಾದರೆ ತಟ್ಟೆಯ ವೇಗೋತ್ಕರ್ಷ ಗುರುತ್ವವನ್ನು ಮೀರಬೇಕು. 800 ಹರ್ಟ್ಜ್‌ನಲ್ಲಿ ಅದಕ್ಕೆ 0.4 ಮೈಕ್ರಾನ್ (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ) ಅಲುಗಾಟ ಸಾಕು. 200ರಲ್ಲಿ 6 ಮೈಕ್ರಾನ್ ಬೇಕು. ತಟ್ಟೆಯ ತೂಕವೂ ನಾಲ್ಕು ಪಟ್ಟು. ಹಳೆಯ ಆವೃತ್ತಿಯೇ ಬೇಕೆಂದರೆ 4 ಮಿ.ಮೀ. ಹಾಳೆ ಹಾಕಬೇಕು, ಆಗ ತೂಕ ಸಣ್ಣ ತಟ್ಟೆಯ ಸುಮಾರು 155 ಗ್ರಾಂನಿಂದ ಎರಡೂವರೆ ಕಿಲೋಗೆ ಏರುತ್ತದೆ. ಸಣ್ಣ ವೈಬ್ರೇಟರ್ ಅದನ್ನು ಹೊರಲಾರದು.

24ರ ನಾಲ್ಕು ತಟ್ಟೆಗಳನ್ನು ಒತ್ತಟ್ಟಿಗೆ ಇಡಿ, ಒಂದೊಂದಕ್ಕೆ ಒಂದೊಂದು ಆವೃತ್ತಿ. ಕಣ್ಣಿಗೂ ಅದೇ ಚೆಂದ.

ಅಚ್ಚುಮಣೆ
ಕಾಗದಕ್ಕೆ ಇಳಿಸಲು: ಸದ್ದು ನಿಲ್ಲಿಸಿ. ಕಪ್ಪು ರಟ್ಟಿಗೆ ಸ್ಪ್ರೇ ಅಂಟು ಹೊಡೆದು (ಗಾಳಿಯಾಡುವ ಕಡೆ, ಮಾಸ್ಕ್ ಹಾಕಿಕೊಂಡು) ಅರ್ಧ ನಿಮಿಷ ಬಿಡಿ. ಬೆರಳಿಗೆ ಜಿಗುಟಾಗಬೇಕು, ಒದ್ದೆಯಾಗಬಾರದು. ಅಂಟಿನ ಮುಖ ಕೆಳಗೆ ಮಾಡಿ ತಟ್ಟೆಯ ಮೇಲೆ ಇಳಿಸಿ, ಮೇಲಿಂದ ಅಂಗೈಯಲ್ಲಿ ಮೆಲ್ಲಗೆ ಒತ್ತಿ, ನೇರ ಮೇಲಕ್ಕೆ ಎತ್ತಿ. ಒಂದಿಷ್ಟು ಪಕ್ಕಕ್ಕೆ ಸರಿದರೂ ಗೆರೆ ಜೋಡಿಯಾಗಿಬಿಡುತ್ತದೆ. ಬೋಲ್ಟಿನ ತಲೆ ರಟ್ಟನ್ನು ಎತ್ತಿ ಹಿಡಿಯುವುದರಿಂದ ಅಲ್ಲೊಂದು ತೂತು ಮಾಡಿಕೊಳ್ಳಿ. ಮೇಲ್ಪದರದ ಮರಳಷ್ಟೇ ಅಂಟುತ್ತದೆ, ಹಾಗಾಗಿ ತೆಳ್ಳಗೆ ಉದುರಿಸಿ. ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ, ಚೌಕದಲ್ಲಿ ಇದು ಗೊತ್ತಾಗುವುದಿಲ್ಲ.

ಜರಡಿ ಹಿಡಿದ ಒಣ ಮರಳೇ ಮೇಲು. ಉಪ್ಪು ತೇವಕ್ಕೆ ಗಂಟುಕಟ್ಟುತ್ತದೆ. ಬಣ್ಣಕ್ಕೆಂದು ನುಣ್ಣನೆ ಪುಡಿ ಹಾಕಿದರೆ ಅದು ಗೆರೆ ಬಿಟ್ಟು ತಟ್ಟೆ ಹೆಚ್ಚು ಅಲುಗುವ ಕಡೆ ಗುಡ್ಡೆಯಾಗುತ್ತದೆ. ತಟ್ಟೆಯ ಮೇಲೇಳುವ ಗಾಳಿಯ ಸುಳಿ ಅದನ್ನು ಅಲ್ಲಿಗೆ ಒಯ್ಯುತ್ತದೆ ಎಂದು 1831ರಲ್ಲೇ ವಿಜ್ಞಾನಿ ಮೈಕೆಲ್ ಫ್ಯಾರಡೆ ತೋರಿಸಿದ್ದ. ತಪ್ಪೆಂದು ಎಸೆಯಬೇಡಿ. ಮರಳು, ಪುಡಿ ಎರಡನ್ನೂ ಬೇರೆ ಬಣ್ಣದಲ್ಲಿ ಬೆರೆಸಿದರೆ ಒಂದೇ ತಟ್ಟೆಯಲ್ಲಿ ಎರಡು ಚಿತ್ರ.

ನಾದತಟ್ಟೆ
ಸೇರಿಸುತ್ತೇನೆ: ಬೋಲ್ಟ್ ನಡುವೆಯೇ ಇದ್ದರೆ, ನಡುವೆ ಗೆರೆ ಹಾದುಹೋಗುವ ಚಿತ್ರಗಳು ಎಂದಿಗೂ ಬರುವುದಿಲ್ಲ, ಅಲುಗಿಸುತ್ತಿರುವ ಜಾಗ ನಿಶ್ಚಲವಾಗಲಾರದಲ್ಲ. ತಟ್ಟೆಯಲ್ಲಿ ಬೋಲ್ಟಿನ ತೂತು ಎಲ್ಲಿರಬೇಕು, ತಟ್ಟೆ ಯಾವ ಆಕಾರದ್ದಾಗಬೇಕು ಎಂಬುದನ್ನು ಮಕ್ಕಳಿಗೇ ಬಿಡಿ. ಗೆರೆ ಎಲ್ಲಿ ಬಂದೀತೆಂದು ಮೊದಲೇ ಪೆನ್ಸಿಲ್‌ನಲ್ಲಿ ಬರೆಸಿ, ಆಮೇಲೆ ಸದ್ದು ಹಾಕಿ. 1000 ಹರ್ಟ್ಜ್ ದಾಟಿದ ಮೇಲೆ ಎಲ್ಲರ ಕಿವಿಗೂ ಇಯರ್‌ಪ್ಲಗ್ ಇರಲಿ.