ಮಾಡ್ ಹಾಕಿದ ಮೈನ್‌ಕ್ರಾಫ್ಟ್ ಸರ್ವರ್: ಕರೆಂಟ್ ಹೋದಾಗಿನಿಂದ ವರ್ಲ್ಡ್‌ನ ಒಂದು ಕಡೆ ಹೋದರೆ ಕ್ರ್ಯಾಶ್

ಕಿನ್ನಾಳ_ಕ್ರಾಫ್ಟರ್:

ಎಲ್ಲರಿಗೂ ನಮಸ್ಕಾರ. ಕೊಪ್ಪಳದಲ್ಲಿ ನಮ್ಮ ಮನೆ ಡೆಸ್ಕ್‌ಟಾಪ್ ಮೇಲೆ ಮೈನ್‌ಕ್ರಾಫ್ಟ್ ಜಾವಾ 1.20.1 ಸರ್ವರ್ ಓಡಿಸುತ್ತಿದ್ದೇವೆ. ಮಾಡ್‌ಗಳನ್ನು (ಆಟಕ್ಕೆ ಹೊಸದನ್ನು ಸೇರಿಸುವ ಫೈಲ್‌ಗಳು) ನಡೆಸುವ ಫೋರ್ಜ್, ಅದರ ಮೇಲೆ ಯಂತ್ರಗಳ ಮಾಡ್ ಕ್ರಿಯೇಟ್, ಬ್ಲಾಕ್ ಕೆತ್ತುವ ಚಿಸಲ್ಸ್ ಅಂಡ್ ಬಿಟ್ಸ್, ಇನ್ನೂ ಒಂದಿಷ್ಟು ಸಣ್ಣಪುಟ್ಟ ಮಾಡ್‌ಗಳು. ಆಡುವವರು ಊರಿನ ಗೆಳೆಯರು, ಜೊತೆಗೆ ರಾಯಚೂರು ಹಾಸ್ಟೆಲ್‌ನಲ್ಲಿರುವ ಇಬ್ಬರು. ಎಲ್ಲರೂ ಸೇರಿ ಇಟಗಿಯ ಮಹಾದೇವ ಗುಡಿಯನ್ನು ಕಟ್ಟುತ್ತಿದ್ದೇವೆ. ಸುಮ್ನೆ ಗುಡಿಯಂಥ ಒಂದು ಕಟ್ಟಡ ಅಲ್ಲ. ಇಟಗಿಗೆ ಹೋಗಿ ಫೋಟೋ ತೆಗೆದು, ಕಂಬಗಳ ಅಳತೆ ಬರೆದುಕೊಂಡು ಬಂದು ಕಟ್ಟಿದ್ದು. 1112ರಲ್ಲಿ ಮಹಾದೇವ ದಂಡನಾಯಕ ಕಟ್ಟಿಸಿದ ಗುಡಿ, ಶಾಸನದಲ್ಲೇ ಅದನ್ನು ದೇವಾಲಯ ಚಕ್ರವರ್ತಿ ಅಂತ ಕರೆದಿದ್ದಾರೆ. ಹಾಗಾಗಿ ಕಂಬದ ಕೆತ್ತನೆಯನ್ನೂ ಬಿಡಬಾರದು ಅಂತ ಚಿಸಲ್ಸ್ ಅಂಡ್ ಬಿಟ್ಸ್ ಹಾಕಿಕೊಂಡು ಕೆತ್ತುತ್ತಾ ಬಂದೆವು.

ಮೊನ್ನೆ ರಾತ್ರಿ ಎಲ್ಲರೂ ಆಡುತ್ತಿದ್ದಾಗ ಕರೆಂಟ್ ಹೋಯಿತು. ಬಂದ ಮೇಲೆ ಸರ್ವರ್ ಆನ್ ಮಾಡಿದರೆ ಸರಿಯಾಗೇ ಶುರುವಾಗುತ್ತದೆ. ಸ್ಪಾನ್ (ಆಟ ಶುರುವಾಗುವ ಜಾಗ) ಹತ್ತಿರ ಓಡಾಡಿದರೆ ಏನೂ ಇಲ್ಲ. ಗುಡಿ ಕಡೆ ಹೋದರೆ ಮಾತ್ರ ಸರ್ವರ್ ಮುಚ್ಚಿಕೊಳ್ಳುತ್ತದೆ. ರಾಯಚೂರಿನ ಗೆಳೆಯ ಒಬ್ಬ ಗುಡಿಯೊಳಗೇ ನಿಂತಿದ್ದಾಗ ಕರೆಂಟ್ ಹೋಗಿದ್ದು, ಹಾಗಾಗಿ ಅವನು ಜಾಯಿನ್ ಆದ ಕೂಡಲೇ ಎಲ್ಲರೂ ಹೊರಗೆ. ಕ್ರ್ಯಾಶ್ ಆಗುವ ಮುಂಚೆ ದೂರದಿಂದ ಕಂಡಿದ್ದು ಇನ್ನೂ ಭಯ ಆಯಿತು: ಮಂಟಪದ ಒಂದು ಮೂಲೆ ಚೌಕಾಕಾರಕ್ಕೆ ಕತ್ತರಿಸಿದ ಹಾಗೆ ಮಾಯವಾಗಿ, ಅಲ್ಲಿ ಹೊಸ ಹುಲ್ಲು, ಗುಡ್ಡ ಬಂದಿದೆ.

ಕ್ರ್ಯಾಶ್ ರಿಪೋರ್ಟ್‌ನಲ್ಲಿ ಮೇಲ್ಗಡೆ "ಟಿಕಿಂಗ್ ಬ್ಲಾಕ್ ಎಂಟಿಟಿ" ಅಂತ ಇದೆ (ಪೆಟ್ಟಿಗೆ, ಯಂತ್ರದ ಹಾಗೆ ತನ್ನದೇ ಮಾಹಿತಿ ಇಟ್ಟುಕೊಳ್ಳುವ ಬ್ಲಾಕ್), ಜಾಗ ಎಕ್ಸ್ 700, ವೈ 71, ಝಡ್ -300. ಒಬ್ಬ ಗೆಳೆಯ ಕ್ರಿಯೇಟ್ ಮಾಡ್ ತೆಗೆದು ನೋಡೋಣ ಅನ್ನುತ್ತಾನೆ. ಇನ್ನೊಬ್ಬ ಸೇಫ್‌ಮೋಡ್‌ನಲ್ಲಿ ಓಪನ್ ಮಾಡು ಅನ್ನುತ್ತಾನೆ. ಗವಿಮಠದ ಜಾತ್ರೆಗೆ ಮುಂಚೆ ಪೆನ್‌ಡ್ರೈವ್‌ಗೆ ಹಾಕಿಕೊಂಡ ವರ್ಲ್ಡ್ ಕಾಪಿ ಒಂದಿದೆ. ಆದರೆ ಅದಕ್ಕೆ ವಾಪಸ್ ಹೋದರೆ ಆಮೇಲೆ ಮಾಡಿದ್ದೆಲ್ಲ ಹೋಗುತ್ತದೆ, ಶಿಖರದ ಕೆಲಸ ಪೂರ್ತಿ ಆಮೇಲಿನದು. ವರ್ಲ್ಡ್ ಉಳಿಯುತ್ತಾ? ಏನು ಮಾಡಲಿ?

ರಾಯಚೂರು_ರೆಡ್‌ಸ್ಟೋನ್:

ತಮ್ಮಾ, ಮೊದಲು ಸರ್ವರ್ ನಿಲ್ಲಿಸಿ. ಈಗಲೇ. ಇನ್ನೊಂದು ಸಲ ಆನ್ ಮಾಡಿ ನೋಡೋಣ ಅನ್ನೋದು ಬೇಡ. ವರ್ಲ್ಡ್ ಫೋಲ್ಡರ್ ಪೂರ್ತಿ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ, ಆ ಕಾಪಿಯನ್ನು ಯಾರೂ ಮುಟ್ಟಬಾರದು. ಮುಂದೆ ಏನು ಮಾಡಿದರೂ ಎರಡನೇ ಕಾಪಿ ಮೇಲೆ ಮಾಡಿ.

ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ ಅಂದರೆ, ಹಾಳಾದ ವರ್ಲ್ಡ್ ಅನ್ನು ಲೋಡ್ ಮಾಡೋದೇ ಅದನ್ನು ಇನ್ನಷ್ಟು ಹಾಳು ಮಾಡುತ್ತದೆ. ಮಂಟಪದ ಮೂಲೆ ಚೌಕಾಕಾರದಲ್ಲಿ ಹೋಗಿದೆ ಅಂದಿರಲ್ಲ, ಅದು ಒಂದು ಚಂಕ್, 16 ಬ್ಲಾಕ್ ಉದ್ದ 16 ಬ್ಲಾಕ್ ಅಗಲ. ಕರೆಂಟ್ ಹೋದ ಕ್ಷಣದಲ್ಲಿ ಆ ಚಂಕ್ ಡಿಸ್ಕ್‌ಗೆ ಅರ್ಧ ಬರೆದು ನಿಂತಿರುತ್ತದೆ. ಮುಂದಿನ ಸಲ ಸರ್ವರ್‌ಗೆ ಅದನ್ನು ಓದಲು ಆಗುವುದಿಲ್ಲ. ಆಗ ಅದು "ಇಲ್ಲಿ ಏನೂ ಇಲ್ಲ" ಅಂದುಕೊಂಡು ಸೀಡ್ (ವರ್ಲ್ಡ್‌ನ ನೆಲ ಹೇಗಿರಬೇಕು ಅಂತ ತೀರ್ಮಾನಿಸುವ ಸಂಖ್ಯೆ) ಪ್ರಕಾರ ಹೊಸ ನೆಲ ಹುಟ್ಟಿಸಿ, ಹಳೆಯದರ ಜಾಗದಲ್ಲಿ ಅದನ್ನೇ ಸೇವ್ ಮಾಡುತ್ತದೆ. ಲಾಗ್ ಫೈಲ್‌ನಲ್ಲಿ ಹುಡುಕಿ, "ಕುಡಂಟ್ ಲೋಡ್ ಚಂಕ್" ಅಥವಾ "ಟ್ರಂಕೇಟೆಡ್" ಅನ್ನುವ ಸಾಲು ಕರೆಂಟ್ ಬಂದ ಮೇಲಿನ ಮೊದಲ ಸ್ಟಾರ್ಟ್‌ನಲ್ಲಿ ಸಿಗಬೇಕು.

ಮಾಡ್ ತೆಗೆಯುವ ವಿಚಾರವಂತೂ ಬಿಟ್ಟೇ ಬಿಡಿ. 1.13ರಿಂದ ಈಚೆಗೆ ಪ್ರತಿ ಬ್ಲಾಕ್ ತನ್ನ ಹೆಸರಿನಿಂದ ಸೇವ್ ಆಗಿರುತ್ತದೆ. ಮಾಡ್ ಇಲ್ಲದಿದ್ದರೆ ಆ ಹೆಸರು ಯಾರದ್ದು ಅಂತ ಸರ್ವರ್‌ಗೆ ಗೊತ್ತಾಗಲ್ಲ, ಅಲ್ಲಿ ಗಾಳಿ ಇಡುತ್ತದೆ. ಆ ಚಂಕ್ ಸೇವ್ ಆದ ಮೇಲೆ ಮಾಡ್ ವಾಪಸ್ ಹಾಕಿದರೂ ಬ್ಲಾಕ್ ಬರಲ್ಲ. ವ್ಯೂ ಡಿಸ್ಟೆನ್ಸ್ (ಸುತ್ತ ಎಷ್ಟು ಚಂಕ್ ದೂರ ಕಾಣಬೇಕು ಅನ್ನುವುದು) 10 ಇದ್ದರೆ ಒಬ್ಬ ಆಟಗಾರ ನಿಂತಲ್ಲಿ ಸುತ್ತ 21 ಚಂಕ್ ಉದ್ದ, 21 ಚಂಕ್ ಅಗಲ ಲೋಡ್ ಆಗುತ್ತದೆ, ಅಂದರೆ 441 ಚಂಕ್. ನಿಮ್ಮ ಗುಡಿ ಇಡೀ ಅದರೊಳಗೇ ಇರುತ್ತದೆ. ಚಿಸಲ್ಸ್ ಅಂಡ್ ಬಿಟ್ಸ್ ತೆಗೆದು ಒಂದೇ ಒಂದು ಸಲ ಗುಡಿ ನೋಡಿ ಬಂದರೂ ಕೆತ್ತಿದ ಕಂಬ ಅಷ್ಟೂ ಹೋಗುತ್ತಿತ್ತು. ಯಾರೂ ಹೋಗದ ಚಂಕ್‌ಗಳಿಗೆ ಮಾತ್ರ ಏನೂ ಆಗಿರುವುದಿಲ್ಲ. ನೀವು ಕೇಳಿ ಮಾಡಿದ್ದು ತುಂಬಾ ಒಳ್ಳೆಯದಾಯಿತು.

ಸೇಫ್‌ಮೋಡ್ ಕೂಡ ಬೇಡ. ಅದು ವೆನಿಲ್ಲಾ (ಮಾಡ್ ಇಲ್ಲದ ಮೂಲ ಆಟದ) ಡೇಟಾಪ್ಯಾಕ್, ಅಂದರೆ ರೆಸಿಪಿ ಮುಂತಾದ ನಿಯಮಗಳ ಕಟ್ಟು, ಮಾತ್ರ ಇಟ್ಟುಕೊಂಡು ತೆರೆಯುತ್ತದೆ. ಮಾಡ್ ತಂದ ಡೈಮೆನ್ಷನ್, ರೆಸಿಪಿ ಏನೂ ಇರಲ್ಲ. ಡೇಟಾಪ್ಯಾಕ್ ಲೋಡ್ ಆಗದೆ ಸರ್ವರ್ ಶುರುವೇ ಆಗದವರಿಗೆ ಇರುವ ದಾರಿ ಅದು. ನಿಮ್ಮದು ಶುರುವಾಗುತ್ತಿದೆ, ನಿಮ್ಮ ತೊಂದರೆ ಅದಲ್ಲ.

ಈಗ ಜಾಗ ಕಂಡುಹಿಡಿಯೋಣ. ವರ್ಲ್ಡ್ ಒಳಗೆ ರೀಜನ್ ಅಂತ ಫೋಲ್ಡರ್ ಇದೆ, ಅದರಲ್ಲಿನ ಒಂದೊಂದು ಎಂಸಿಎ ಫೈಲ್ 512 ಬ್ಲಾಕ್ ಉದ್ದ 512 ಬ್ಲಾಕ್ ಅಗಲದ ನೆಲ, ಅಂದರೆ 1024 ಚಂಕ್. ಎಕ್ಸ್ ಮತ್ತು ಝಡ್ ಅನ್ನು 512ರಿಂದ ಭಾಗಿಸಿ ಕೆಳಗಿನ ಪೂರ್ಣ ಸಂಖ್ಯೆ ತಗೊಳ್ಳಿ. 700ಕ್ಕೆ 1 ಬರುತ್ತದೆ. -300ಕ್ಕೆ -0.59, ಅದರ ಕೆಳಗಿನದು -1. ಇಲ್ಲಿ ಸೊನ್ನೆ ಅಂತ ತಗೊಂಡರೆ ಬೇರೆ ಫೈಲ್‌ಗೆ ಹೋಗಿಬಿಡುತ್ತೀರಿ, ಹುಷಾರು. ಹಾಗಾಗಿ ಫೈಲ್ ಆರ್.1.-1.ಎಂಸಿಎ. ಚಂಕ್ ಬೇಕಾದರೆ 16ರಿಂದ ಭಾಗಿಸಿ: 43, -19.

ಕ್ರ್ಯಾಶ್ ರಿಪೋರ್ಟ್‌ನಲ್ಲಿ ಇನ್ನೂ ಕೆಳಗೆ "ಬ್ಲಾಕ್ ಎಂಟಿಟಿ ಬೀಯಿಂಗ್ ಟಿಕ್ಡ್" ಅಂತ ಒಂದು ಭಾಗ ಇದೆ, ಅಲ್ಲಿ ನೇಮ್ ಮುಂದೆ ಏನಿದೆ ಹೇಳಿ. ಅದರ ಮೇಲೆ ಮುಂದಿನ ಮಾತು.

ಬಳ್ಳಾರಿ_ಬ್ಲಾಕ್ಸ್:

ರೆಡ್‌ಸ್ಟೋನ್ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ಇದೇ ಥರ ಕಾಣುವ ಬೇರೆ ತೊಂದರೆ ಇದ್ದವರೂ ಓದುತ್ತಿರುತ್ತಾರೆ. ಕ್ರ್ಯಾಶ್ ಬೇರೆ, ಉಸಿರುಗಟ್ಟೋದು ಬೇರೆ. ರಿಪೋರ್ಟ್‌ನಲ್ಲಿ "ಎ ಸಿಂಗಲ್ ಸರ್ವರ್ ಟಿಕ್ ಟುಕ್ 60.00 ಸೆಕೆಂಡ್ಸ್" ಅಂತ ಇದ್ದರೆ ಅದು ವಾಚ್‌ಡಾಗ್ (ಸರ್ವರ್ ಸಿಕ್ಕಿಕೊಂಡಿದೆಯಾ ಅಂತ ಕಾಯುವ ಭಾಗ) ಮುಚ್ಚಿದ್ದು. ಒಂದು ಟಿಕ್ (ಆಟ ಮುಂದೆ ಸಾಗುವ ಒಂದು ಹೆಜ್ಜೆ) 50 ಮಿಲಿಸೆಕೆಂಡ್‌ನಲ್ಲಿ ಮುಗಿಯಬೇಕು, ಒಂದು ನಿಮಿಷ ಆದರೂ ಮುಗಿಯದಿದ್ದರೆ ಸರ್ವರ್ ಸತ್ತಿದೆ ಅಂತ ಅದು ತೀರ್ಮಾನ ಮಾಡುತ್ತದೆ. ಹಳೆ ಹಾರ್ಡ್‌ಡಿಸ್ಕ್, ಮೆಮೊರಿ ಕಡಿಮೆ, ಒಟ್ಟಿಗೆ ನಾಲ್ಕು ಜನ ನಾಲ್ಕು ದಿಕ್ಕಿಗೆ ಹೊಸ ನೆಲ ಹುಡುಕಿಕೊಂಡು ಹೋಗೋದು, ಇವೆಲ್ಲ ಸೇರಿದರೆ ಹೀಗೆ ಆಗುತ್ತದೆ. ಅಲ್ಲಿ ವರ್ಲ್ಡ್ ಹಾಳಾಗಿರಲೇಬೇಕು ಅಂತಿಲ್ಲ. ಸರ್ವರ್ ಪ್ರಾಪರ್ಟೀಸ್‌ನಲ್ಲಿ ಮ್ಯಾಕ್ಸ್ ಟಿಕ್ ಟೈಮ್ 60000 ಇರುವುದನ್ನು -1 ಮಾಡಿದರೆ ವಾಚ್‌ಡಾಗ್ ಸುಮ್ಮನಿರುತ್ತದೆ, ಸ್ಪಾರ್ಕ್ ಅನ್ನುವ ಮಾಡ್ ಹಾಕಿ ಯಾವುದು ಸಮಯ ತಿನ್ನುತ್ತಿದೆ ಅಂತ ನೋಡಬಹುದು. ನೋಡಿ ಆದ ಮೇಲೆ ಮತ್ತೆ ಹಳೆಯ ಸಂಖ್ಯೆ ಹಾಕಿ.

8 ಜಿಬಿ ಇರುವ ಮಷೀನ್‌ನಲ್ಲಿ ಜಾವಾಗೆ 7 ಜಿಬಿ ಕೊಡುವವರನ್ನು ನೋಡಿದ್ದೇನೆ. ವಿಂಡೋಸ್‌ಗೆ ಉಸಿರಾಡಲು ಜಾಗ ಬೇಡವಾ? 5 ಕೊಟ್ಟು ವ್ಯೂ ಡಿಸ್ಟೆನ್ಸ್ ಇಳಿಸಿದರೆ ಎಷ್ಟೋ ಪಾಲು ಚೆನ್ನಾಗಿ ಓಡುತ್ತದೆ.

ಕ್ರಾಫ್ಟರ್ ಅವರೇ, ನಿಮ್ಮದು ವಾಚ್‌ಡಾಗ್ ಅಲ್ಲ, ಅದು ಸ್ಪಷ್ಟ.

ಕಿನ್ನಾಳ_ಕ್ರಾಫ್ಟರ್:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸರ್ವರ್ ನಿಲ್ಲಿಸಿದ್ದೇನೆ, ಕಾಪಿ ಆಯಿತು. ನೇಮ್ ಮುಂದೆ "ಕ್ರಿಯೇಟ್:ಬೆಲ್ಟ್" ಅಂತ ಇದೆ. ಗುಡಿ ಪಕ್ಕದಲ್ಲಿ ಕಲ್ಲು ಸಾಗಿಸಲು ಒಂದು ಉದ್ದನೆಯ ಬೆಲ್ಟ್ ಹಾಕಿದ್ದೆವು, ಅದೇ. "ಕುಡಂಟ್ ಲೋಡ್ ಚಂಕ್" ಕೂಡ ಸಿಕ್ಕಿತು, ಆದರೆ ಅದರ ಮುಂದಿರುವುದು 42, -19. ಕ್ರ್ಯಾಶ್ ಆಗುತ್ತಿರುವುದು 43ರಲ್ಲಿ. ಎರಡೂ ಬೇರೆ ಬೇರೆ ತೊಂದರೆನಾ ಅಣ್ಣಾ?

ರಾಯಚೂರು_ರೆಡ್‌ಸ್ಟೋನ್:

ಒಂದೇ ತೊಂದರೆ ಅಂತ ನನಗೆ ಅನಿಸುತ್ತದೆ. ಬೆಲ್ಟ್ 42ರಿಂದ 43ಕ್ಕೆ ದಾಟಿ ಹೋಗಿದೆ ಅಲ್ವಾ? 42 ಹೊಸ ನೆಲವಾಗಿ ಹುಟ್ಟಿತು, ಅದರಲ್ಲಿದ್ದ ಅರ್ಧ ಬೆಲ್ಟ್ ಹೋಯಿತು. 43ರಲ್ಲಿರುವ ಅರ್ಧ ತನ್ನ ಜೋಡಿಯನ್ನು ಹುಡುಕುತ್ತದೆ, ಸಿಗದೆ ಎರರ್ ಕೊಡುತ್ತದೆ, ಸರ್ವರ್ ಬೀಳುತ್ತದೆ. ಮಂಟಪದ ಮೂಲೆಯೂ 42ರಲ್ಲೇ ಇರಬೇಕು, ಅಳತೆ ಮಾಡಿ ನೋಡಿ.

ಹಾಗಾದರೆ ಹಳೆ ಕಾಪಿಗೆ ಪೂರ್ತಿ ವಾಪಸ್ ಹೋಗುವ ಅಗತ್ಯವೇ ಇಲ್ಲ. ಆರ್.1.-1 ಫೈಲ್ ಒಂದನ್ನೇ ಹಳೆಯದರಿಂದ ತಂದರೂ ಗುಡಿಯ ಸುತ್ತಲಿನ ಹೊಸ ಕೆಲಸ ಹೋಗುತ್ತದೆ, ಅದೂ ಬೇಡ. ಎಂಸಿಎ ಸೆಲೆಕ್ಟರ್ ಅಂತ ಉಚಿತ ಟೂಲ್ ಇದೆ. ಅದರಲ್ಲಿ ಪೆನ್‌ಡ್ರೈವ್‌ನ ಹಳೆ ವರ್ಲ್ಡ್ ತೆರೆದು, 42, -19 ಚಂಕ್ ಒಂದನ್ನೇ ಆರಿಸಿ ಕಾಪಿ ಮಾಡಿ. ಆಮೇಲೆ ಎರಡನೇ ಕಾಪಿಯ ವರ್ಲ್ಡ್ ತೆರೆದು ಅದೇ ಜಾಗದಲ್ಲಿ ಪೇಸ್ಟ್ ಮಾಡಿ. ಬರೀ ರೀಜನ್ ಫೋಲ್ಡರ್ ತೆರೆಯಬೇಡಿ, ಇಡೀ ವರ್ಲ್ಡ್ ಫೋಲ್ಡರ್ ತೆರೆಯಿರಿ. 1.17ರಿಂದ ಪ್ರಾಣಿ, ಗಾಡಿ, ಚೌಕಟ್ಟು ಇವೆಲ್ಲ ಎಂಟಿಟೀಸ್ ಅಂತ ಬೇರೆ ಫೋಲ್ಡರ್‌ನಲ್ಲಿರುತ್ತವೆ, ಹಳ್ಳಿಗರ ಹಾಸಿಗೆ, ಕೆಲಸದ ಜಾಗ ಪಿಒಐ ಫೋಲ್ಡರ್‌ನಲ್ಲಿ. ಮೂರೂ ಒಂದಕ್ಕೊಂದು ಹೊಂದಬೇಕು.

ಬೆಲ್ಟ್ ಜಾತ್ರೆ ಆದ ಮೇಲೆ ಹಾಕಿದ್ದಾದರೆ ಹಳೆ ಚಂಕ್‌ನಲ್ಲಿ ಅದು ಇರುವುದಿಲ್ಲ, ಆಗ ಕ್ರ್ಯಾಶ್ ಮತ್ತೆ ಬರುತ್ತದೆ. ಅದಕ್ಕೆ ವರ್ಲ್ಡ್ ಒಳಗಿನ ಸರ್ವರ್‌ಕಾನ್ಫಿಗ್ ಫೋಲ್ಡರ್‌ನಲ್ಲಿ ಫೋರ್ಜ್ ಸರ್ವರ್ ಟೋಮಲ್ ಫೈಲ್ ಇದೆ. ಅದರಲ್ಲಿ ರಿಮೂವ್ ಎರರಿಂಗ್ ಬ್ಲಾಕ್ ಎಂಟಿಟೀಸ್ ಅನ್ನುವುದನ್ನು ಟ್ರೂ ಮಾಡಿ. ಎರರ್ ಕೊಡುವ ಬ್ಲಾಕ್ ಎಂಟಿಟಿಯನ್ನು ಸರ್ವರ್ ಬೀಳದೆ ಕಿತ್ತು ಹಾಕುತ್ತದೆ.

ಬಳ್ಳಾರಿ_ಬ್ಲಾಕ್ಸ್:

ಅಣ್ಣಾ, ಆ ಸೆಟ್ಟಿಂಗ್ ಬಗ್ಗೆ ನನಗೆ ಸ್ವಲ್ಪ ಅಂಜಿಕೆ ಇದೆ. ಇದು ಎಲ್ಲವನ್ನೂ ಕೆಡಿಸಬಹುದು, ಅಪರೂಪಕ್ಕೆ ಬಳಸಿ ಅಂತ ಆ ಫೈಲ್‌ನಲ್ಲೇ ಬರೆದಿದ್ದಾರೆ. ಇಲ್ಲಿ ಕೆತ್ತಿದ ಕಂಬಗಳೂ ಬ್ಲಾಕ್ ಎಂಟಿಟಿಗಳೇ. ಬೆಲ್ಟ್ ಅಂತ ಖಚಿತವಾಗಿರುವುದರಿಂದ ಈ ಸಲ ಸರಿ. ಆದರೆ ಟ್ರೂ ಇಟ್ಟುಕೊಂಡೇ ದಿನಾ ಆಡಬಾರದು. ಯಾವುದೋ ಮಾಡ್ ಅಪ್‌ಡೇಟ್ ಆದ ದಿನ ಯಾವುದಕ್ಕೋ ಎರರ್ ಬಂದರೆ, ಕ್ರ್ಯಾಶ್ ಆಗುವ ಬದಲು ಒಂದೊಂದೇ ಬ್ಲಾಕ್ ಸದ್ದಿಲ್ಲದೆ ಹೋಗುತ್ತಾ ಇರುತ್ತದೆ, ಯಾರಿಗೂ ಗೊತ್ತಾಗಲ್ಲ. ಕ್ರ್ಯಾಶ್ ಆದರೆ ಕನಿಷ್ಠ ಎಲ್ಲಿ ಏನಾಯಿತು ಅಂತ ಒಂದು ಕಾಗದವಾದರೂ ಕೈಗೆ ಸಿಗುತ್ತದೆ.

ರಾಯಚೂರು_ರೆಡ್‌ಸ್ಟೋನ್:

ನೂರಕ್ಕೆ ನೂರು ಒಪ್ಪಿದೆ. ಟ್ರೂ ಮಾಡಿ, ಒಬ್ಬರೇ ಜಾಯಿನ್ ಆಗಿ, ಗುಡಿ ಹತ್ತಿರ ಹೋಗಿ, ಲಾಗ್‌ನಲ್ಲಿ ಏನೇನು ಹೋಯಿತು ಓದಿ, ಸ್ಟಾಪ್ ಕೊಟ್ಟು ನಿಲ್ಲಿಸಿ, ಫಾಲ್ಸ್ ಮಾಡಿ. ಇಷ್ಟೇ.

ಸಿಂಧನೂರು_ಸ್ಟೀವ್:

ನಡುವೆ ಬಂದೆ, ಕ್ಷಮಿಸಿ. ನನ್ನದು ಕ್ರ್ಯಾಶ್ ಇಲ್ಲ, ಆದರೆ ಸರ್ವರ್ ಫೋಲ್ಡರ್ ಬೇರೆ ಡ್ರೈವ್‌ಗೆ ಹಾಕಿದ ಮೇಲೆ ಪೂರ್ತಿ ಹೊಸ ವರ್ಲ್ಡ್ ಬರುತ್ತಿದೆ. ಹಳೆಯದು ಹೋಯಿತಾ?

ಬಳ್ಳಾರಿ_ಬ್ಲಾಕ್ಸ್:

ಬಹುಶಃ ಹೋಗಿಲ್ಲ ಸರ್. ಸರ್ವರ್ ತಾನು ಯಾವ ಫೋಲ್ಡರ್‌ನಿಂದ ಶುರುವಾಯಿತೋ ಅಲ್ಲೇ ವರ್ಲ್ಡ್ ಹುಡುಕುತ್ತದೆ, ಇಲ್ಲದಿದ್ದರೆ ಹೊಸದು ಮಾಡುತ್ತದೆ. ಡೆಸ್ಕ್‌ಟಾಪ್‌ನಲ್ಲೋ ಇನ್ನೆಲ್ಲೋ ಹೊಸ ವರ್ಲ್ಡ್ ಫೋಲ್ಡರ್ ಹುಟ್ಟಿದೆಯಾ ನೋಡಿ. ಸರ್ವರ್ ಪ್ರಾಪರ್ಟೀಸ್‌ನಲ್ಲಿ ಲೆವೆಲ್ ನೇಮ್ ಮುಂದಿರುವ ಹೆಸರು ಹಳೆ ಫೋಲ್ಡರ್ ಹೆಸರಿಗೆ ಅಕ್ಷರಕ್ಕೆ ಅಕ್ಷರ ಹೊಂದುತ್ತದಾ ಅದನ್ನೂ ನೋಡಿ. ಹೊಂದಿಸಿ ಶುರು ಮಾಡಿದರೆ ಸಿಗುತ್ತದೆ.

ಕಿನ್ನಾಳ_ಕ್ರಾಫ್ಟರ್:

ಗುಡಿ ವಾಪಸ್ ಬಂತು! ಅಳತೆ ಮಾಡಿದೆ, ಮಂಟಪದ ಮೂಲೆ 42ರಲ್ಲೇ ಇತ್ತು. ಹಳೆ ಚಂಕ್ ಪೇಸ್ಟ್ ಮಾಡಿದೆ. ಅಣ್ಣ ಹೇಳಿದ ಹಾಗೆ ಬೆಲ್ಟ್ ಜಾತ್ರೆ ಆದ ಮೇಲಿನದು, ಹಾಗಾಗಿ ಮತ್ತೆ ಬಿತ್ತು. ಟೋಮಲ್‌ನಲ್ಲಿ ಟ್ರೂ ಮಾಡಿ ಹೋದಾಗ ಬೆಲ್ಟ್‌ನ ಉಳಿದ ತುಂಡು ಮಾತ್ರ ಹೋಯಿತು, ಲಾಗ್‌ನಲ್ಲಿ ಬೇರೆ ಯಾವ ಹೆಸರೂ ಇಲ್ಲ. ಫಾಲ್ಸ್ ಮಾಡಿ ಮತ್ತೆ ಶುರು ಮಾಡಿದೆ, ರಾಯಚೂರಿನ ಗೆಳೆಯನೂ ಗುಡಿಯೊಳಗೇ ಬಂದು ನಿಂತ. ಶಿಖರ ಪೂರ್ತಿ ಇದೆ. ಮೂಲೆಯ ಕಂಬಗಳು ಕೆತ್ತನೆ ಇಲ್ಲದ ಹಳೆಯ ರೂಪದಲ್ಲಿವೆ, ಅಷ್ಟನ್ನು ಫೋಟೋ ನೋಡಿಕೊಂಡು ಮತ್ತೆ ಕೆತ್ತುತ್ತೇವೆ. ಹೇಳಲು ಮಾತು ಬರುತ್ತಿಲ್ಲ, ನಿಮ್ಮಿಬ್ಬರಿಗೂ ಇಡೀ ಗುಂಪಿನ ಪರವಾಗಿ ವಂದನೆ.

ಒಂದು ಉಳಿಯಿತು. ಮನೆಯಲ್ಲಿ ಇನ್ವರ್ಟರ್ ಇದೆ, ಕಂಪ್ಯೂಟರ್ ಅದರ ಲೈನ್‌ನಲ್ಲೇ ಇದೆ. ಆದರೂ ಕರೆಂಟ್ ಹೋದಾಗ ಆಫ್ ಆಗಿ ಆನ್ ಆಗುತ್ತದೆ. ಯಾಕೆ?

ಬಳ್ಳಾರಿ_ಬ್ಲಾಕ್ಸ್:

ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಅಂತ ಸ್ವಿಚ್ ಇರುತ್ತದೆ, ಹೆಚ್ಚಾಗಿ ಹಿಂದುಗಡೆ. ನಾರ್ಮಲ್‌ನಲ್ಲಿದ್ದರೆ ಕರೆಂಟ್‌ನಿಂದ ಬ್ಯಾಟರಿಗೆ ಹೋಗಲು ತಗೊಳ್ಳುವ ಸಮಯ ಜಾಸ್ತಿ. ಫ್ಯಾನ್‌ಗೆ ಗೊತ್ತಾಗಲ್ಲ, ಕಂಪ್ಯೂಟರ್ ಸತ್ತುಹೋಗುತ್ತದೆ. ಯುಪಿಎಸ್ ಮೋಡ್‌ಗೆ ಹಾಕಿ ನೋಡಿ. ಆಗಲೂ ರೀಸ್ಟಾರ್ಟ್ ಆದರೆ ಡೆಸ್ಕ್‌ಟಾಪ್‌ಗೆ ಅಂತಲೇ ಒಂದು ಸಣ್ಣ ಯುಪಿಎಸ್ ಇಡಿ. ನಮ್ಮ ಕಡೆ ಬೇಸಿಗೆಯಲ್ಲಿ ಮೇಲಿಂದ ಮೇಲೆ ಕರೆಂಟ್ ಹೋಗಿ ಬರುತ್ತದೆ, ಅದಿಲ್ಲದೆ ಸರ್ವರ್ ಇಡೋದು ಕಷ್ಟ.

ರಾಯಚೂರು_ರೆಡ್‌ಸ್ಟೋನ್:

ಬ್ಯಾಕಪ್‌ಗೂ ಒಂದು ಕ್ರಮ ಇದೆ, ಸರ್ವರ್ ಓಡುತ್ತಿರುವಾಗ ಫೋಲ್ಡರ್ ಎಳೆದು ಪೆನ್‌ಡ್ರೈವ್‌ಗೆ ಹಾಕಿದರೆ ಅರ್ಧ ಬರೆದ ಫೈಲೇ ಕಾಪಿ ಆಗಬಹುದು. ಕನ್ಸೋಲ್‌ನಲ್ಲಿ ಮೊದಲು ಸೇವ್ ಆಫ್, ಆಮೇಲೆ ಸೇವ್ ಆಲ್ ಫ್ಲಶ್, ಅದು ಮುಗಿಯಿತು ಅಂತ ಬಂದ ಮೇಲೆ ಕಾಪಿ, ಕೊನೆಗೆ ಸೇವ್ ಆನ್. ಕೊನೆಯದು ಮರೆತರೆ ಆಮೇಲೆ ಆಡಿದ್ದು ಡಿಸ್ಕ್‌ಗೆ ಹೋಗಲ್ಲ. ಆಟೋಸೇವ್ ಬರುವುದು 6000 ಟಿಕ್‌ಗೆ ಒಂದು ಸಲ, ಅಂದರೆ 5 ನಿಮಿಷ, ಅದನ್ನೇ ನಂಬಿಕೊಳ್ಳಬೇಡಿ. ಕಾಪಿಯ ಜೊತೆ ಮಾಡ್ಸ್ ಮತ್ತು ಕಾನ್ಫಿಗ್ ಫೋಲ್ಡರ್‌ಗಳನ್ನೂ ಇಡಿ, ಯಾವ ಮಾಡ್‌ನ ಯಾವ ಆವೃತ್ತಿ ಅಂತ ಗೊತ್ತಿಲ್ಲದಿದ್ದರೆ ಆ ವರ್ಲ್ಡ್ ತೆರೆಯಲು ಮತ್ತೆ ಪರದಾಡಬೇಕು. ಕ್ರಿಯೇಟ್ ರೈಲು ಹಾಕಿದ್ದರೆ ಹಳಿಗಳ ವಿವರ ವರ್ಲ್ಡ್ ಒಳಗಿನ ಡೇಟಾ ಫೋಲ್ಡರ್‌ನಲ್ಲೂ ಇರುತ್ತದೆ, ಆಗ ಈ ಸಲದ ಹಾಗೆ ಒಂದು ಚಂಕ್ ಮಾತ್ರ ತಂದರೆ ಸಾಲುವುದಿಲ್ಲ, ಹಳಿಯನ್ನು ಆ ಭಾಗದಲ್ಲಿ ಕಿತ್ತು ಮತ್ತೆ ಹಾಕಬೇಕಾಗಬಹುದು.

ಕೆತ್ತನೆ ಮುಗಿದ ಮೇಲೆ ಸ್ಕ್ರೀನ್‌ಶಾಟ್ ಹಾಕಿ ತಮ್ಮಾ, ಶಿಖರ ನೋಡಬೇಕು.