ಚಿಕ್ಕಮ್ಮನಿಗೆ, ಗೋಕರ್ಣದ ಗುಡ್ಡದ ದಾರಿಯ ಬಗ್ಗೆ

ಚಿಕ್ಕಮ್ಮ, ನಿನ್ನೆ ರಾತ್ರಿ ಗುಂಪಿನಲ್ಲಿ ನೀವು ಕೇಳಿದ್ದಕ್ಕೆ ಎರಡು ಸಾಲು ಬರೆದು ಮುಗಿಸಲು ಮನಸ್ಸಾಗಲಿಲ್ಲ, ಅದಕ್ಕೇ ಮಾತನಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಕಾಫಿ ಕುಡಿಯುತ್ತಾ ಕೇಳಿ. “ಮೈಸೂರಿನಲ್ಲಿ ದಿನವೂ ಕುಕ್ಕರಹಳ್ಳಿ ಕೆರೆ ಸುತ್ತುತ್ತೇನೆ. ಗೋಕರ್ಣದವರೆಗೆ ಬಂದು ಕಲ್ಲುಮುಳ್ಳು ತುಳಿದರೆ ಹೆಚ್ಚಿಗೆ ಏನು ಸಿಗುತ್ತದೆ? ನನ್ನ ಮಂಡಿಗೆ ಆದೀತೇ?” ಎಂದಿರಿ.

ಕೆರೆ ಸುತ್ತುವುದನ್ನು ದಯವಿಟ್ಟು ಬಿಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮದ ವ್ಯಾಯಾಮ ನಿಮಗೆ ಅಲ್ಲೇ ಆಗುತ್ತಿದೆ. ಆದರೆ ಅದು ಪರಿಚಯದ, ಸಮತಟ್ಟಾದ ದಾರಿ. ಕಾಲು ತಾನಾಗಿ ನಡೆಯುತ್ತದೆ, ಮನಸ್ಸು ಮನೆಯಲ್ಲೇ ಉಳಿದಿರುತ್ತದೆ. ಚಿಕ್ಕಪ್ಪ ಹೋದ ಮೇಲೆ ನೀವೇ ಹೇಳಿದ್ದಿರಲ್ಲ, ಎಷ್ಟು ಸುತ್ತು ಹಾಕಿದರೂ ತಲೆಯೊಳಗಿನ ಸುತ್ತು ನಿಲ್ಲುವುದಿಲ್ಲ ಎಂದು.

ಗೋಕರ್ಣದ ಓಂ ಕಡಲತೀರದಿಂದ ಪಕ್ಕದ ಹಾಫ್ ಮೂನ್ ಕಡಲತೀರದ ಕಡೆಗೆ ಹತ್ತುವ ಕಾಲುದಾರಿ ಮನಸ್ಸನ್ನು ಹಾಗೆ ಅಲೆಯಲು ಬಿಡುವುದಿಲ್ಲ. ಮೊದಲು ಗಿಡಮರಗಳ ನೆರಳು, ನೆಲದ ತುಂಬ ಒಣ ಎಲೆ, ಅದರಡಿ ಬೇರು. ಆಮೇಲೆ ಚಿರೆಕಲ್ಲಿನ ಒರಟು ಹಾಸು, ತೂತು ತೂತು. ಒಂದು ತಿರುವಿನಲ್ಲಿ ಮರಗಳು ಸರಿದು ಬಲಗಡೆ ಸಮುದ್ರ ಇಷ್ಟು ಕೆಳಗೆ, ಇಷ್ಟು ಹತ್ತಿರ ಕಾಣುತ್ತದೆ. ಪ್ರತಿ ಹೆಜ್ಜೆಗೂ ಕಣ್ಣು ಜಾಗ ಹುಡುಕಬೇಕು, ಪಾದ ಅದನ್ನು ಒಪ್ಪಬೇಕು. ಹಿಮ್ಮಡಿಯ ಗಂಟು, ಮೀನಖಂಡ, ಸೊಂಟದ ಸಣ್ಣ ಸ್ನಾಯುಗಳು, ಎಲ್ಲವೂ ಎಚ್ಚರವಾಗಿ ತೂಕ ಹಿಡಿಯುತ್ತವೆ. ನಮ್ಮ ವಯಸ್ಸಿನಲ್ಲಿ ಬೀಳದೆ ಇರಲು ಬೇಕಾದದ್ದು ಈ ಅಭ್ಯಾಸವೇ. ಅಷ್ಟು ಹೊತ್ತು ಬೇರೆ ಯೋಚನೆಗೆ ತಲೆಯಲ್ಲಿ ಜಾಗವೇ ಇರುವುದಿಲ್ಲ. ಅಮ್ಮ ಹಾಸಿಗೆ ಹಿಡಿದಿದ್ದ ವರ್ಷ ನನಗೆ ರಾತ್ರಿ ಎರಡು ಗಂಟೆಯಾದರೂ ಕಣ್ಣು ಮುಚ್ಚುತ್ತಿರಲಿಲ್ಲ. ಒಂದು ಭಾನುವಾರ ಈ ದಾರಿ ನಡೆದು ಬಂದೆ, ಒಂಬತ್ತಕ್ಕೆಲ್ಲ ನಿದ್ದೆ ಬಂತು. ಅಂದಿನಿಂದ ತಿಂಗಳಿಗೊಮ್ಮೆಯಾದರೂ ಹೋಗುತ್ತೇನೆ.

ನನ್ನ ಒಂದು ರಾತ್ರಿಯ ನಿದ್ದೆಯನ್ನು ನಂಬಿ ಬನ್ನಿ ಎನ್ನುತ್ತಿಲ್ಲ. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ನೋಡಿದ ಒಂದು ಅಧ್ಯಯನ ಪ್ರಕಟವಾಯಿತು. ವಾರಕ್ಕೆ ಎರಡು ಗಂಟೆಯಾದರೂ ಮರ, ನೀರು, ಬಯಲಿನ ನಡುವೆ ಕಳೆದವರಲ್ಲಿ ‘ಆರೋಗ್ಯವಾಗಿದ್ದೇನೆ, ನೆಮ್ಮದಿಯಾಗಿದ್ದೇನೆ’ ಎಂದವರು ಹೆಚ್ಚು. ಆರೋಗ್ಯವಂತರೇ ಹೆಚ್ಚು ಹೊರಗೆ ಹೋಗುತ್ತಾರೆ ಎಂದೂ ವಾದಿಸಬಹುದು, ಸರಿ. ಜಪಾನಿನವರು 1982ರಲ್ಲೇ ಹೀಗೆ ಮರಗಳ ನಡುವೆ ಹೊತ್ತು ಕಳೆಯುವುದಕ್ಕೆ ‘ಶಿನ್ರಿನ್ ಯೋಕು’, ಅಂದರೆ ಕಾಡಿನ ಸ್ನಾನ, ಎಂಬ ಹೆಸರು ಕೊಟ್ಟರು. ನಮ್ಮಲ್ಲಿ ಕಾಡೂ ಇದೆ, ಪಕ್ಕದಲ್ಲೇ ಕಡಲೂ ಇದೆ.

ಹುಡುಗರು ಕುಮಟಾದಿಂದಲೇ ಎರಡು ದಿನ ನಡೆದು ಬರುತ್ತಾರೆ. ಅದು ನಿಮಗೆ ಬೇಡ. ಆದರೆ ಆ ದಾರಿಯ ಒಂದು ತುಂಡನ್ನು ಮಾತ್ರ ತಪ್ಪಿಸಬಾರದು: ಅಘನಾಶಿನಿ ಊರಿನಿಂದ ತದಡಿಗೆ ಬಾರ್ಜಿನಲ್ಲಿ, ಅಂದರೆ ಚಪ್ಪಟೆ ತಳದ ದೊಡ್ಡ ದೋಣಿಯಲ್ಲಿ, ಅಘನಾಶಿನಿ ನದಿ ದಾಟುವುದು. ಎಲ್ಲೂ ದೊಡ್ಡ ಅಣೆಕಟ್ಟಿಗೆ ಸಿಗದೆ ಹರಿದು ಬಂದ ನದಿ ಅಲ್ಲಿ ಸಮುದ್ರ ಸೇರುತ್ತದೆ. ನೀರು ಇಳಿದಾಗ ಸೊಂಟದವರೆಗೆ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಜೀವಿ ಆಯುವವರು ಕಾಣುತ್ತಾರೆ. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದಾಗ ನನಗೆ ನಮ್ಮ ಮನೆಯವರಿಗೇ ಬಹುಮಾನ ಬಂದಷ್ಟು ಸಂತೋಷವಾಗಿತ್ತು.

ಈಗ ಮಂಡಿಯ ಮಾತು. ಹತ್ತುವಾಗ ದಮ್ಮು ಬರುತ್ತದೆ, ಅದಕ್ಕೆ ನಿಂತರಾಯಿತು. ತೊಂದರೆ ಇರುವುದು ಇಳಿಯುವಲ್ಲಿ, ತೊಡೆಯ ಸ್ನಾಯು ಮೈಭಾರವನ್ನು ತಡೆದು ತಡೆದು ಬಿಡಬೇಕು, ಆ ಒತ್ತಡ ಮಂಡಿಯ ಮೇಲೆ ಬೀಳುತ್ತದೆ. ಸಣ್ಣ ಹೆಜ್ಜೆ, ಕೈಯಲ್ಲಿ ಕೋಲು, ಹಿಡಿತವಿರುವ ಬೂಟು. ಚಪ್ಪಲಿ ಖಂಡಿತ ಬೇಡ. ಹೊರಡುವ ಮೊದಲು ನಿಮ್ಮ ವೈದ್ಯರನ್ನು ಕೇಳಿ, ರಕ್ತದೊತ್ತಡದ ಮಾತ್ರೆಯ ವಿಷಯವನ್ನೂ ಹೇಳಿ. ನಾವು ಹಾಫ್ ಮೂನ್‌ವರೆಗೆ ಮಾತ್ರ ಹೋಗೋಣ, ಎಲ್ಲಿ ಸಾಕೆನಿಸಿದರೂ ತಿರುಗೋಣ. ಮಳೆಗಾಲದಲ್ಲಿ ಕಲ್ಲಿನ ಮೇಲೆ ಪಾಚಿ, ಕಡಲೂ ರೊಚ್ಚಿಗೆದ್ದಿರುತ್ತದೆ. ಏಪ್ರಿಲ್‌ನಲ್ಲಿ ಚಿರೆಕಲ್ಲು ಕಾದ ಕಾವಲಿ. ಡಿಸೆಂಬರ್ ಸರಿ.

ಕುಮಟಾದಲ್ಲಿ ಇಳಿಯಿರಿ, ನಾನೇ ಕರೆದುಕೊಂಡು ಹೋಗುತ್ತೇನೆ. ಬೆಳಗ್ಗೆ ಏಳಕ್ಕೆ ನಡೆಯಲು ಶುರು ಮಾಡಿದರೆ ಬಿಸಿಲೇರುವ ಮೊದಲು ವಾಪಸ್ಸು ಬರಬಹುದು. ನೀರು, ಅವಲಕ್ಕಿ ನಾನು ಹೊರುತ್ತೇನೆ. ಕೋಲು ಕೊಳ್ಳಬೇಡಿ, ಚಿಕ್ಕಪ್ಪನ ಬೆತ್ತ ಅಟ್ಟದ ಮೇಲೆ ಇದ್ದರೆ ಅದನ್ನೇ ತನ್ನಿ.