ಎಗ್ ಟೆಂಪೆರಾ ಕಲಿತವರು ನಿಮ್ಮ ಅನುಭವ ಹೇಳಿ

ಪ್ರಶ್ನೆ: ಜಲವರ್ಣ ಸ್ವಲ್ಪ ಗೊತ್ತು. ಈಗ ಮೊಟ್ಟೆಯ ಹಳದಿಯಲ್ಲಿ ಬಣ್ಣದ ಪುಡಿ ಕಲಸಿ ಚಿತ್ರ ಬರೆಯಲು ಶುರು ಮಾಡಿದ್ದೇನೆ. ಕ್ಯಾನ್ವಾಸಿಗೆ ತಳವಾಗಿ ಅಕ್ರಿಲಿಕ್ ಗೆಸ್ಸೊ (ಬಣ್ಣಕ್ಕೆ ಮುಂಚೆ ಬಳಿಯುವ ಬಿಳಿ ಲೇಪ) ಬಳಿದಿದ್ದೇನೆ. ಎರಡನೇ ಸಲ ಬ್ರಷ್ ಎಳೆದರೆ ಕೆಳಗಿನ ಬಣ್ಣವೇ ಎದ್ದು ಬರುತ್ತಿದೆ. ಏನು ಮಾಡಲಿ?

ಉತ್ತರ 1: ನನಗೂ ಮೊದಮೊದಲು ಹೀಗೇ ಆಗುತ್ತಿತ್ತು. ಮೊದಲು ತಳ ಬದಲಿಸಿ. ಟೆಂಪೆರಾಗೆ ನೀರು ಹೀರುವ ತಳ ಬೇಕು, ಅಕ್ರಿಲಿಕ್ ಗೆಸ್ಸೊ ಅಷ್ಟು ಹೀರುವುದಿಲ್ಲ. ಕ್ಯಾನ್ವಾಸ್ ಬಳುಕಿದರೆ ಒಣಗಿದ ಬಣ್ಣ ಬಿರುಕು ಬಿಡುತ್ತದೆ. ಹಾಗಾಗಿ ಗಟ್ಟಿ ಹಲಗೆ ತಗೊಳ್ಳಿ. ಮೊಲದ ಚರ್ಮದ ಅಂಟನ್ನು ರಾತ್ರಿ ನೆನೆಹಾಕಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ. ಕುದಿಸಬೇಡಿ, ಅಂಟಿನ ಬಲ ಹೋಗುತ್ತದೆ. ಅದಕ್ಕೆ ಸೀಮೆಸುಣ್ಣದ ಪುಡಿ ಬೆರೆಸಿ, ಬೆಚ್ಚಗಿರುವಾಗಲೇ ಆರೇಳು ಪದರ ಬಳಿಯಿರಿ. ಒಣಗಿದ ಮೇಲೆ ಸ್ಯಾಂಡ್ ಪೇಪರಿನಿಂದ ನುಣುಪಾಗಿ ಉಜ್ಜಿ.

ಇನ್ನು ಮೊಟ್ಟೆ. ಹಳದಿಯನ್ನು ಒಂದು ಅಂಗೈಯಿಂದ ಇನ್ನೊಂದಕ್ಕೆ ಮೆಲ್ಲಗೆ ಹೊರಳಿಸಿ. ಪ್ರತಿ ಸಲ ಖಾಲಿ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳಿ. ಲೋಳೆಯೆಲ್ಲ ಹೋದ ಮೇಲೆ ಪೊರೆಯನ್ನು ಎರಡು ಬೆರಳಲ್ಲಿ ಹಿಡಿದು, ಲೋಟದ ಮೇಲೆತ್ತಿ ಸೂಜಿಯಿಂದ ಚುಚ್ಚಿ. ಹಳದಿ ಲೋಟಕ್ಕೆ ಇಳಿಯುತ್ತದೆ, ಪೊರೆ ಬೆರಳಲ್ಲೇ ನೇತಾಡುತ್ತದೆ. ಅದನ್ನು ಎಸೆದುಬಿಡಿ. ಹಳದಿಗೆ ಸ್ವಲ್ಪ ನೀರು ಸೇರಿಸಿ. ನೀರಲ್ಲಿ ಅರೆದ ಬಣ್ಣ ಎಷ್ಟಿದೆಯೋ ಸುಮಾರು ಅಷ್ಟೇ ಹಳದಿ ಹಾಕಿ.

ಪ್ರಮಾಣ ಸರಿಯಿದೆಯಾ ಅಂತ ನೋಡಲು ಗಾಜಿನ ಚೂರಿನ ಮೇಲೆ ಬಳಿದು ಒಣಗಿಸಿ, ಬ್ಲೇಡಿನಿಂದ ಕೆರೆಯಿರಿ. ಸುರುಳಿಯಾಗಿ ಎದ್ದರೆ ಸರಿ. ಪುಡಿಪುಡಿಯಾಗಿ ಉದುರಿದರೆ ಮೊಟ್ಟೆ ಸಾಲದು. ಈ ಪರೀಕ್ಷೆಯನ್ನು ಒಂದು ಬಣ್ಣಕ್ಕೂ ಬಿಡಬೇಡಿ, ಯಾಕೆಂದರೆ ಒಂದೊಂದು ಪುಡಿ ಒಂದೊಂದು ಥರ.

ಉತ್ತರ 2: ತಳದ ಬಗ್ಗೆ ಮೇಲೆ ಹೇಳಿದ್ದು ಸರಿ. ನಿಮ್ಮ ಬ್ರಷ್‌ನಲ್ಲೂ ನೀರು ಜಾಸ್ತಿ ಇರಬಹುದು. ಬಣ್ಣದಲ್ಲಿ ಅದ್ದಿ, ಬೆರಳಲ್ಲಿ ಹಿಂಡಿ, ಆಮೇಲೆ ಸಣ್ಣ ಸಣ್ಣ ಗೆರೆ ಎಳೆಯಿರಿ. ಗೆರೆ ಕ್ಷಣದಲ್ಲಿ ಒಣಗುತ್ತದೆ. ಅದರ ಮೇಲೇ ಮತ್ತೆ ಉಜ್ಜಬೇಡಿ, ಪಕ್ಕದಲ್ಲಿ ಎಳೆಯಿರಿ. ಬಣ್ಣಗಳು ಹಲಗೆಯ ಮೇಲೆ ಕಲೆಯುವುದಿಲ್ಲ, ನೋಡುವವರ ಕಣ್ಣಲ್ಲಿ ಕಲೆಯುತ್ತವೆ. ಅಮೆರಿಕದ ಚಿತ್ರಕಾರ ಆಂಡ್ರ್ಯೂ ವೈಯೆತ್ 1948ರಲ್ಲಿ ಬರೆದ 'ಕ್ರಿಸ್ಟಿನಾಸ್ ವರ್ಲ್ಡ್' ಚಿತ್ರದ ಹುಲ್ಲನ್ನು ಹತ್ತಿರದಿಂದ ನೋಡಿ. ಅದೂ ಎಗ್ ಟೆಂಪೆರಾನೇ. ಎಷ್ಟು ತಾಳ್ಮೆ ಬೇಕು ಅಂತ ಗೊತ್ತಾಗುತ್ತದೆ.

ನಾಟಿ ಮೊಟ್ಟೆಯೋ ಫಾರಂ ಮೊಟ್ಟೆಯೋ ಅಂತಲೂ ಕೇಳುತ್ತೀರಿ ಅಲ್ವಾ? 1400ರ ಸುಮಾರಿಗೆ ಇಟಲಿಯ ಚಿತ್ರಕಾರ ಚೆನ್ನಿನೊ ಚೆನ್ನಿನಿ ಇದನ್ನೂ ಬರೆದಿಟ್ಟಿದ್ದಾನೆ: ಎಳೆಯ ಮುಖಕ್ಕೆ ಪೇಟೆ ಕೋಳಿಯ ಮೊಟ್ಟೆ, ವಯಸ್ಸಾದವರ ಮುಖಕ್ಕೆ ಹಳ್ಳಿ ಕೋಳಿಯ ಕೆಂಪು ಹಳದಿ. ನಾನಂತೂ ಸಿಕ್ಕಿದ ತಾಜಾ ಮೊಟ್ಟೆ ಬಳಸುತ್ತೇನೆ. ಮೊಟ್ಟೆಯಿಂದ ಬರುವ ಹಳದಿ ಛಾಯೆ ಹೇಗೂ ಬೆಳಕಿಗೆ ನಿಧಾನವಾಗಿ ಮಾಸುತ್ತದೆ.

ಉತ್ತರ 3: ನಾನು ಕರಾವಳಿಯವಳು. ಮಳೆಗಾಲದಲ್ಲಿ ಬರೆದ ನನ್ನ ಎರಡು ಚಿತ್ರಗಳಿಗೆ ಬೂಸ್ಟು ಹಿಡಿಯಿತು. ಗೋಡೆಗೆ ಆನಿಸಿ ಇಟ್ಟಿದ್ದೇ ತಪ್ಪಾಯಿತು. ಈಗ ಗಾಳಿಯಾಡುವ ಕಡೆ ಇಟ್ಟು ತಿಂಗಳುಗಟ್ಟಲೆ ಒಣಗಲು ಬಿಡುತ್ತೇನೆ. ಒಣ ಪುಡಿ ಕಲಸುವಾಗ ಮಾಸ್ಕ್ ಹಾಕಿಕೊಳ್ಳಿ. ಸೀಸ, ಪಾದರಸ, ಕ್ಯಾಡ್ಮಿಯಂ ಇರುವ ಬಣ್ಣ ಕಲಿಯುವಾಗ ಬೇಡವೇ ಬೇಡ, ಕಾವಿಯಂಥ ಮಣ್ಣಿನ ಬಣ್ಣಗಳಿಂದ ಶುರು ಮಾಡಿ. ಬಣ್ಣದ ಲೋಟವನ್ನು ಅಡುಗೆಮನೆಗೆ ವಾಪಸ್ ಒಯ್ಯಬೇಡಿ.